ರೊಟ್ಟಿಯಗಲದ ಕಿಟಕಿ

ತಿಂಗಳ ಎರಡನೇ ಶನಿವಾರ,
ಮುದಗಲ್ಲಿನ ಹಳೇ ಶಾಲೆಯ ಪಡಸಾಲೆಯಲ್ಲಿ
ಜಮಖಾನೆ ಹಾಸುವುದು ನನ್ನ ಪಾಲಿನ ಕೆಲಸ.
ಮೈಕು ಶಾಮಿಯಾನದ ಲಾಲಸಾಬನದು.
ಬಾಡಿಗೆ ಕೇಳುವುದಿಲ್ಲ, ಆದರೆ ಮೊದಲ "ಹಲೋ ಹಲೋ"
ಯಾರಿಗೂ ಬಿಟ್ಟುಕೊಡುವುದಿಲ್ಲ.

ಇವತ್ತು ಎರಡು ಮಾತು.
ಒಂದು ಈ ಶಾಲೆ, ಇನ್ನೊಂದು ಜಗತ್ತು.
ನಡುವೆ ಒಗ್ಗರಣಿ, ಮಿರ್ಚಿ, ಅರ್ಧ ಕಪ್ಪು ಚಹ.

ಜೈತುನಬಿ ಮೇಡಂ ಕನ್ನಡಕ ಒರೆಸಿ
ಕೆಂಪು ರಟ್ಟಿನ ರಜಿಸ್ಟರನ್ನು ಬಲಗಡೆಯಿಂದ ತೆರೆದರು.
ನಿಜಾಮನ ಕಾಲದ್ದು, ಉರ್ದು ಬರಹ.
ಎಷ್ಟೋ ವರ್ಷ ಗಣಪತಿ ಕೂಡಿಸುವ ಹಲಗೆಗೆ
ಆನಿಕೆಯಾಗಿ ಬಿದ್ದಿತ್ತು.
ಯಾರಿಗೂ ಓದಲು ಬಾರದ್ದಕ್ಕೇ ಉಳಿದದ್ದು ಅನ್ನುತ್ತಾರೆ.

"ಫಸಲಿ ಸಾವಿರದ ಮುನ್ನೂರ ಐವತ್ತೈದು.
ತಿಪ್ಪಣ್ಣ, ವಲ್ದ್ ಅಮರಪ್ಪ. ಕೈಫಿಯತ್:
ಮಗ್ಗಕ್ಕೆ ಕೂತ, ಹೆಸರು ಖಾರಿಜ್.
ದಸ್ತಗೀರ್, ವಲ್ದ್ ಮೌಲಾಸಾಬ್. ಕೈಫಿಯತ್:
ಕಾಲರಾದಲ್ಲಿ ಊರು ಬಿಟ್ಟ. ತಾನು ಮರಳಿದ, ಪುಸ್ತಕ ಮರಳಲಿಲ್ಲ.
ಬಸಲಿಂಗ, ವಲ್ದ್ ಶರಣಯ್ಯ. ಕೈಫಿಯತ್:
ಮಾಸ್ತರರ ಟೊಪ್ಪಿಗೆ ಬಾವಿಗೆ ಎಸೆದ."

"ಅಂವ ನಮ್ಮಜ್ಜ ರೀ!"
ಹಿಂದಿನ ಸಾಲಿನಲ್ಲಿ ಎದ್ದು ನಿಂತವನ ಬೆನ್ನನ್ನು
ಆಚೀಚೆಯವರು ತಟ್ಟಿದರು,
ಬಹುಮಾನ ಬಂದ ಹಾಗೆ.

ಆಮೇಲೆ ಇನ್ನಾಸಪ್ಪ.
ಶಾಲೆಯೆಂದು ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದ.
ಬೆನ್ನ ಹಿಂದೆ ಅವನದೇ ಬ್ಯಾನರು:
ಜಗವ ಸುತ್ತಿದ ನಮ್ಮೂರ ವೀರ.
"ನಲವತ್ತೊಂದು ಬಂದರ ಮುಟ್ಟೀನಿ" ಅಂದ,
"ವಲ್ಪರೈಸೊ, ರಾಟರ್ಡಾಮ್, ಬೂಸಾನ್, ಮೊಂಬಾಸಾ."
ಮಕ್ಕಳ ಬೆರಳು ನಕಾಶೆಯ ಮೇಲೆ ತಡಕಾಡಿದವು.
"ಅಲ್ಲೆ ಏನೇನೈತ್ರಿ?"

ಸುಮ್ಮನೆ ನಿಂತ.
ಮೈಕು ಅವನ ಉಸಿರನ್ನಷ್ಟೇ ಪಡಸಾಲೆಗೆ ಹಂಚಿತು.

"ಖರೆ ಹೇಳ್ತೀನಿ. ನಾ ಹಡಗದಾಗ ಅಡಗಿಯವ.
ದಂಡಿ ಹತ್ತಿದಾಗ ಊಟದ ಹೊತ್ತು,
ದಂಡಿ ಬಿಟ್ಟಾಗ ಉಳ್ಳಾಗಡ್ಡಿ ಹೆಚ್ಚೂ ಹೊತ್ತು.
ಅಡಗಿಮನಿಗೆ ಒಂದ ಕಿಟಕಿ, ದುಂಡಂದು, ರೊಟ್ಟಿಯಗಲ.
ಅದ್ರಾಗ ಎಷ್ಟ ಹಿಡೀತು, ಅಷ್ಟ ನೋಡೀನಿ.
ವಲ್ಪರೈಸೊ ಅಂದ್ರ ಒಂದು ಹಳದಿ ಗ್ವಾಡಿ, ಒಂದು ನಾಯಿ.
ಬೂಸಾನ್ ಅಂದ್ರ ಒಬ್ಬಾಕಿ ಛತ್ರಿ ಝಾಡಿಸಿದ್ದು.
ಮೊಂಬಾಸಾ, ಬಗ್ಗಿ ನೋಡೂದ್ರಾಗ ಸಾರು ಉಕ್ಕಿತು."

ಯಾರೂ ನಗಲಿಲ್ಲ. ಬ್ಯಾನರು ಬರೆಸಿದವನು
ಜಮಖಾನೆಯ ದಾರ ಕೀಳತೊಡಗಿದ.

ಆಗ ಹುಲಿಗೆಮ್ಮ,
ಚಹಕ್ಕಾಗಿ ಬರುತ್ತಾಳೆಂದೇ ನಾನು ತಿಳಿದಿದ್ದ ಮುದುಕಿ,
ನೆಲಕ್ಕೆ ಕೈಯೂರಿ ಎದ್ದಳು.
"ಆ ನಾಯಿ ಯಾವ ಬಣ್ಣದ್ದಪಾ?"
"ಕಂದು. ಒಂದು ಕಿವಿ ಹರಿದಿತ್ತು."
"ಹಂಗಾರ ನೋಡೀಯಲ್ಲ."

ಮೇಡಂ ಕಡೆಗೆ ತಿರುಗಿದಳು.
"ಜೈತುನವ್ವಾ, ಅದ್ರಾಗ ನನ್ನ ಹೆಸರಿಲ್ಲ, ಹುಡುಕಬ್ಯಾಡ.
ಆ ಮೂರನೇ ಕಿಟಕಿ ನೋಡು, ಸರಳು ಬಾಗಿದ್ದು,
ಅದರ ಹೊರಗ ಆಡು ಕಾಯತಿದ್ದೆ ನಾನು."
ಕಣ್ಣು ಮುಚ್ಚಿದಳು, ತಲೆ ತೂಗಿದಳು:
"ಸತ್ರಾ ಎಕಂ ಸತ್ರಾ,
ಸತ್ರಾ ದೂನಿ ಚೌತೀಸ್,
ಸತ್ರಾ ತೀಯಾ ಇಕ್ಕಾವನ್..."
ಎಲ್ಲೂ ತಡವರಿಸದೆ
ನೂರಾ ಎಪ್ಪತ್ತರ ತನಕ.

"ಹದಿನೆಂಟು ಹೇಳಿಕೊಡೂ ದಿನ
ಆಡು ಗೌಡರ ಸೌತಿ ಹೊಲಕ್ಕ ನುಗ್ಗಿದವು.
ಅಲ್ಲಿಗೆ ನನ್ನ ಸಾಲಿ ಮುಗೀತು.
ಸಂತ್ಯಾಗ ಹದಿನೇಳರ ಮಟಾ ಯಾವ ದಲಾಲಿನೂ
ನನಗ ಮೋಸ ಮಾಡಿಲ್ಲ.
ಹದಿನೆಂಟರಾಗ ಮಾಡ್ಯಾರ."

ಮೇಡಂ ಪೆನ್ನಿನ ಮುಚ್ಚಳ ತೆಗೆದು,
ಕೈಫಿಯತ್ತಿನ ಕೊನೆಯ ಖಾಲಿ ಮನೆಯನ್ನು ಬಹಳ ಹೊತ್ತು ನೋಡಿ,
ಸರಕಾರಿ ಕಾಗದ, ಮತ್ತೆ ಮುಚ್ಚಿದರು.

ಎಲ್ಲರೂ ಹೋದ ಮೇಲೆ
ಇನ್ನಾಸಪ್ಪ ಮೂರನೇ ಕಿಟಕಿಯ ಹೊರಗೆ ಹೋಗಿ ನಿಂತು
ಒಳಗೆ ಇಣುಕುತ್ತಿದ್ದ, ಚಪ್ಪಲಿ ಮೆಟ್ಟುವುದನ್ನೂ ಮರೆತು.
ನಾನು ಕರಿಹಲಗೆ ಒರೆಸಿ ಬರೆದೆ:
ಮುಂದಿನ ತಿಂಗಳು, ಹುಲಿಗೆಮ್ಮ. ವಿಷಯ...

"ಏನಂತ ಬರೀಲಬೇ?"

ಸೆರಗಿಗೆ ಉಳಿದ ಮಿರ್ಚಿ ಕಟ್ಟಿಕೊಳ್ಳುತ್ತ
ತಿರುಗಿಯೂ ನೋಡಲಿಲ್ಲ:
"ಸೌತಿ ಹೊಲ ಅಂತ ಬರಿ."