ಹತ್ತೊಂಬತ್ತನೇ ಪೋರ್ಟು

ಹಳೆಯ ಸ್ವಿಚ್ಚನ್ನು ಬಿಚ್ಚಿದಾಗ
ಮೆಕ್ಕೆಜೋಳದ ಧೂಳು ಸುರಿಯಿತು, ಹಳದಿ,
ಒಂದು ಬೊಗಸೆಯಷ್ಟು.
ದಾವಣಗೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಹನ್ನೆರಡು ವರ್ಷ
ಚೀಲಗಳ ಉಸಿರನ್ನೇ ಉಸಿರಾಡಿ
ನಿನ್ನೆ ಸಿಡಿಲಿಗೆ ಸತ್ತಿದೆ.
ಹೊಸದು ಬಂದಿದೆ. ಹೊಳೆಯುತ್ತದೆ. ಅದಕ್ಕೆ ಏನೂ ಗೊತ್ತಿಲ್ಲ.
ನೀನು ಯಾರು ಅಂದರೆ ಸ್ವಿಚ್ ಅನ್ನುತ್ತದೆ, ಅಷ್ಟೆ.

ಹೊರಗೆ ಹರಾಜು ನಿಂತಿದೆ.
ತೂಕದ ಮನೆಯಿಂದ ಹಾಲೇಶಪ್ಪ ಮೂರು ಸಲ ಬಂದು ಹೋದರು:
"ಆತೇನವ್ವ? ಲಾರಿ ಸಾಲು ಹೈವೇಗೆ ಹೋಗೈತಿ."
ಆಗುತ್ತೆ ಅಂದೆ. ತಿಳಿನೀಲಿ ಕೇಬಲ್ಲು ಸಿಕ್ಕಿಸಿದೆ.

ಪಾಲಯ್ಯ ಹೋಗಿ ಏಳು ತಿಂಗಳು.
ಬಿಟ್ಟುಹೋದದ್ದು ಒಂದು ಪೆನ್‌ಡ್ರೈವ್,
ಬಿಳಿ ಟೇಪು ಸುತ್ತಿ ಮೇಲೆ "ಜೀವ" ಎಂದು ಬರೆದದ್ದು.
ಒಳಗೆ ಒಂದೇ ಫೈಲು, ಎರಡು ವರ್ಷ ಹಳೆಯದು.
ಆಮೇಲೆ ಬದಲಿಸಿದ್ದನ್ನೆಲ್ಲ ಅವರು
ಸ್ವಿಚ್ಚಿನ ಹತ್ತಿರ ಮಾತ್ರ ಹೇಳಿಕೊಂಡಿದ್ದರು.

ಕಾಪಿ ಎಂದು ಹೊಡೆದೆ. ಎಲ್ಲಿಂದ, ಎಲ್ಲಿಗೆ.
ಎಂಟರ್.
!
!!
!!!!!!!
ಒಂದೊಂದು ತುಣುಕು ತಲುಪಿದಾಗಲೂ ಒಂದು ಬೆರಗಿನ ಚಿಹ್ನೆ,
ತಪ್ಪಿದರೆ ಚುಕ್ಕೆ.
ಇವನ್ನು ಉಪ್ಪಿನ ಹಾಗೆ ಬಳಸಬೇಕು ಅನ್ನುತ್ತಿದ್ದರು
ನಮ್ಮ ಕನ್ನಡ ಮೇಷ್ಟ್ರು. ಯಂತ್ರಕ್ಕೆ ಮೇಷ್ಟ್ರಿಲ್ಲ.

ಸಾಲುಗಳು ಏರಿದವು.
ಅಂಕಿ, ಅಂಕಿ, ಪಾಸ್‌ವರ್ಡಿನ ಕಲಸುಮೇಲೋಗರ, ನಡುನಡುವೆ
ಇಂಗ್ಲಿಷ್ ಅಕ್ಷರದಲ್ಲಿ ಪಾಲಯ್ಯನವರ ಕನ್ನಡ:
ಪೋರ್ಟು ಏಳು, ದಾದಾಪೀರ್ ಮಂಡಿ, ಇಲಿ ಕಾಟ, ಪೈಪ್ ಹಾಕಿದೆ.
ಪೋರ್ಟು ಹನ್ನೊಂದು, ತೂಕದ ಮನೆ, ಮುಟ್ಟಿದರೆ ಕೈ ಮುರೀತೀನಿ.
ಪೋರ್ಟು ಹತ್ತೊಂಬತ್ತು, ಕರಿಬಸಮ್ಮ ಟೀ, ಕೇಳಬೇಡಿ.

ದಾದಾಪೀರ್ ಮಂಡಿ ಮಾರಿ ಹರಿಹರ ಸೇರಿದ್ದಾರೆ.
ಫೈಲಿಗೆ ಅದು ಗೊತ್ತಿಲ್ಲ.
ಅವರ ಇಲಿಗಳು ಮಾತ್ರ ಇಲ್ಲೇ ಇವೆ.

ಹತ್ತೊಂಬತ್ತರಲ್ಲಿ ಹಸಿರು ದೀಪ.
ನಾನು ಕೆಲಸಕ್ಕೆ ಬಂದಾಗಿನಿಂದ ಅದು ಕತ್ತಲು.
ಪಾಲಯ್ಯನವರೇ ಯಾವಾಗಲೋ ಮುಚ್ಚಿದ್ದು,
ಜಗಳವೋ, ಸಾಹೇಬರ ತಪಾಸಣೆಯೋ.
ತೆರೆ ಎನ್ನಲು ಈ ಭಾಷೆಯಲ್ಲಿ ಮಾತಿಲ್ಲ.
ಮುಚ್ಚು ಅನ್ನಬಹುದು. ಇಲ್ಲವೇ, ಮುಚ್ಚಬೇಡ.
ನಾನು ಎರಡನ್ನೂ ಅನ್ನಲಿಲ್ಲ.

ದರ ಕೂಗುವ ದನಿ, ಲಾರಿ ಹೊಗೆ, ಹಮಾಲರ ಶಿಳ್ಳೆ
ಒಮ್ಮೆಗೇ ಎದ್ದ ಗದ್ದಲದಲ್ಲಿ
ಬಾಗಿಲಿಗೆ ಬಂದು ನಿಂತರು ಕರಿಬಸಮ್ಮ,
ಸೆರಗಿಗೆ ಒಂದು ಕೈ ಒರೆಸುತ್ತ, ಇನ್ನೊಂದರಲ್ಲಿ ಮೊಬೈಲು:
"ಗೂಡಿನಾಗಿನ ಡಬ್ಬಿ ಮತ್ತೆ ಮಿಣಕ್ತೈತಿ.
ಪಾಲಯ್ಯ ಬಂದ್ನೇನವ್ವ?"

ಏನು ಹೇಳಲಿ.
ಒಂದು ಟೀ ಕೊಡ್ತೀರಾ ಅಂದೆ.

ಕರ್ಸರ್ ಮಿಟುಕುತ್ತಿದೆ.
ಇದು ಈಗ ಓಡುತ್ತಿರುವ ನೆನಪು ಅಷ್ಟೆ.
ರೈಟ್ ಅಂದರೆ ಮಾತ್ರ ಉಳಿಯುತ್ತದೆ.
ಇನ್ನೂ ಅಂದಿಲ್ಲ.
ಲೋಟ ಬರಲಿ, ಕೆನೆ ಕಟ್ಟಲಿ,
ಅಲ್ಲಿವರೆಗೆ ಕರೆಂಟು ಹೋಗದಿದ್ದರೆ ಸಾಕು.