ಹುದುಗು

ಭಾನುವಾರ ಜವರಣ್ಣ ಲ್ಯಾಬಿನ ಬೀಗ ತೆಗೆದುಕೊಟ್ಟ.
ಹಾಸನದ ಪೆನ್ಷನ್ ಮೊಹಲ್ಲಾದಿಂದ ಅಬ್ಬನ ಕರೆತಂದೆ:
ಉಗುರಂಚಲ್ಲಿ ಮೈದಾ,
ತೋಳುದ್ದಕ್ಕೂ ಭಟ್ಟಿಬಾಗಿಲು ಎಳೆದ ಬರೆ.

ಮೂವತ್ತು ವರ್ಷ ನಸುಕಿನ ನಾಲ್ಕಕ್ಕೆ
ಹಿಟ್ಟಿಗೆ ಒದ್ದೆಬಟ್ಟೆ ಹೊದಿಸಿ
"ಗಲಾಟೆ ಬೇಡ, ಏಳ್ತಾ ಇದೆ" ಎಂದವನು
ಈಗ ಒಂದು ಕಣ್ಣು ಮುಚ್ಚಿ ಬಗ್ಗಿದ.
"ಇಷ್ಟೇನಾ?"

ನೀಲಿ ಕುಡಿದದ್ದು ಸತ್ತದ್ದು, ಅಬ್ಬ.
ಒಲ್ಲೆ ಅಂದದ್ದು ಬದುಕಿದೆ;
ನೋಡು, ಪಕ್ಕೆಯಲ್ಲೊಂದು ಮೊಗ್ಗು.
ಮರಿ ಕಳಚಿಹೋದಲ್ಲೆಲ್ಲ ತಾಯಿ ಮೈಮೇಲೆ ಕಲೆ.
ಈ ಮಸೂರಕ್ಕೆ ಕಾಣದು,
ಎಣಿಸಬಲ್ಲವರು ಎಣಿಸಿ
ಎಷ್ಟು ಹೆತ್ತಳೆಂದು ಹೇಳುತ್ತಾರೆ.

ಅಬ್ಬ ಮಡಚಿದ್ದ ಅಂಗಿತೋಳು
ಮಣಿಕಟ್ಟಿನವರೆಗೂ ಇಳಿಸಿಕೊಂಡ.

ಜವರಣ್ಣ ಬೀಗ ಹಾಕುವಾಗ ತಿರುಗಿ ನಿಂತು:
"ಸಕ್ಕರೆ ಹಾಕಿದೀಯಾ?
ನಾಳೆವರೆಗೆ
ಹಸಿದಿರ್ತಾವೆ."