ಸೋಮವಾರ ರಜೆ

ಟಿಕೆಟ್ಟು ಐವತ್ತು ಪೆಸೊ. ಚಿಲ್ಲರೆ ಇದ್ದರೆ ಒಳ್ಳೆಯದು.
ಮೆಟ್ಟಿಲು ತೊಂಬತ್ತಮೂರು. ಹನ್ನೊಂದನೆಯದು ಮುರಿದಿದೆ,
ಬಲಗಡೆಯ ಗೋಡೆ ಹಿಡಿದು ಹತ್ತಿ.

ಈ ಗೋಡೆಯ ಗಾರೆಯಲ್ಲಿ ಮೊಟ್ಟೆಯ ಬಿಳಿ ಇದೆ ಅನ್ನುತ್ತದೆ ಫಲಕ.
ಎಷ್ಟು ಮೊಟ್ಟೆ ಅನ್ನುವುದಿಲ್ಲ,
ಯಾರು ಕೂತು ಒಡೆದರು ಅಂತಲೂ.
ಮನೆಗೆ ವಾರಕ್ಕೆ ಇಪ್ಪತ್ತು ಅಂತ ಲೆಕ್ಕವಿತ್ತಂತೆ;
ಕೋಳಿ ಇಡದಿದ್ದರೆ ಬಾತು, ಬಾತೂ ಇಡದಿದ್ದರೆ ಸಾಲ.
ಬಿಳಿ ಗೋಪುರಕ್ಕೆ ಹೋಯಿತು,
ಹಳದಿ ಸಕ್ಕರೆ ಪಾಕಕ್ಕಿಳಿದು ಪಾದ್ರಿಯ ಮೇಜಿಗೆ.
ಚಿಪ್ಪು ನಮಗೇ ಉಳಿಯಿತು, ಬದನೆ ಗಿಡದ ಬುಡಕ್ಕೆ.

ಚರ್ಚು ಅಲ್ಲಿ, ಗೋಪುರ ಇಲ್ಲಿ, ನಡುವೆ ಇಷ್ಟು ಬಯಲು.
'ಇಬ್ಬರಿಗೂ ಜಗಳವಾ?' ಅಂತ ಕೇಳಿದ ಮೊನ್ನೆ
ಶಾಲೆಯಿಂದ ಬಂದ ಒಬ್ಬ ಹುಡುಗ.
ಇಲೋಕೋಸಿನ ನೆಲ ಮಗು ಇದು, ಮಲಗಿದಲ್ಲೇ ಮಗ್ಗುಲು ಬದಲಿಸುತ್ತದೆ.
ಗೋಪುರ ಬಿದ್ದರೆ ಒಂದೇ ಬೀಳಲಿ ಅಂತ ದೂರ ಕಟ್ಟಿದರು.
ಎರಡು ಸಲವೂ ಬಿದ್ದದ್ದು ಚರ್ಚು.

ಹಡಗಿನ ಹಾಯಿ ಕಂಡರೆ ಬಿಡದೆ ಹೊಡೆತ.
ಬೆಂಕಿಗೆ ಮೂರು, ಮೂರು, ಮೂರು.
ಗಂಡಸು ಸತ್ತರೆ ಒಂದೊಂದಾಗಿ,
ಹೆಂಗಸು ಸತ್ತರೆ ಎರಡೆರಡು.
ಹಗ್ಗ ಎಳೆಯುತ್ತಿದ್ದವನು ನನ್ನಜ್ಜ ಮಕಾರಿಯೊ.
ಕೊನೆಕೊನೆಗೆ ಅವನಿಗೆ ಕಿವಿ ಕೇಳುತ್ತಿರಲಿಲ್ಲ,
ಅಂಗಾಲಿನಿಂದ ಎಣಿಸುತ್ತಿದ್ದ.

ಈಗ ಈ ಗಾಜಿನ ಪೆಟ್ಟಿಗೆ ನೋಡಿ.
'ಗಂಟೆಯ ನಾಲಿಗೆ. ಕಬ್ಬಿಣ. ನಲವತ್ತು ಕಿಲೊ.
ಮೇಲ್ಮೈಯ ಸವೆತಕ್ಕೆ ಕಾರಣ: ಕಡಲ ಗಾಳಿ.'
ಕಡಲ ಗಾಳಿಯಲ್ಲ.
ಯುದ್ಧದ ವರ್ಷ, ಸೈನಿಕರು ಬರುವ ಹಿಂದಿನ ರಾತ್ರಿ,
ಅಜ್ಜ ಇದನ್ನು ಬಿಚ್ಚಿ, ಹಗ್ಗದಲ್ಲಿ ಇಳಿಸಿ,
ಅಜ್ಜಿಯ ಬಗೊಒಂಗ್ ಜಾಡಿಯ ತಳಕ್ಕೆ ಮುಳುಗಿಸಿದ.
ಕೊಳೆತ ಮೀನು, ಕಲ್ಲುಪ್ಪು; ಮುಚ್ಚಳ ತೆರೆದವರು
ಮೂಗು ಹಿಡಿದುಕೊಂಡೇ ವಾಪಸು ಹೋದರು.
ಮೂರು ವರ್ಷ ಊರಿನ ನಾಲಿಗೆ ಉಪ್ಪಿನಲ್ಲಿ ನೆನೆಯಿತು.
ಆ ಮೂರು ವರ್ಷ ಸತ್ತವರನ್ನು ಯಾರೂ ಎಣಿಸಲಿಲ್ಲ.

ಮತ್ತೆ ತೂಗಿಸಿದ ಮೊದಲ ದಿನ
'ಇದಕ್ಕೆ ನೆಗಡಿಯಾಗಿದೆ' ಅಂದಳಂತೆ ಅಜ್ಜಿ.
ಆದರೂ ಹೊಡೆದರು, ಮದುವೆಗೆ, ಮಳೆಗೆ, ಮಣ್ಣಿಗೆ,
ಚರ್ಚಿಗೆ ಧ್ವನಿವರ್ಧಕ ಬರುವತನಕ.
ಆಮೇಲೆ ಬಂದದ್ದು ಬಣ್ಣ, ಬೀಗ, ನಾನು.
ಗಂಟೆಯ ಬಾಯಿ ಮೇಲೆ, ನಾಲಿಗೆ ಕೆಳಗೆ.
ತುಂಬ ಭಾರ, ಜನಕ್ಕೆ ಅಪಾಯ, ಅಂದರು ಇಲಾಖೆಯವರು.
ಮುಟ್ಟಬಾರದು ಅಂತ ಮೂರು ಭಾಷೆಯಲ್ಲಿ ಬರೆಸಿದರು.

ಸೋಮವಾರ ರಜೆ. ಒರೆಸುವ ಕೆಲಸ ನನ್ನದೇ.
ಗಾಜು ತೆಗೆದರೆ ಇನ್ನೂ ಮೀನು ನಾರುತ್ತದೆ.
ನನ್ನ ಗಂಡ ಒಪ್ಪುವುದಿಲ್ಲ. ಅವನು ಪೇಟೆಯವನು.

ಹೋದ ನವೆಂಬರಿನಲ್ಲಿ ನನ್ನ ತಾಯಿ ಕೊನ್ಸೊರ್ಸಿಯಾ ಹೋದಳು.
ಧ್ವನಿವರ್ಧಕ ಹೆಸರು ಹೇಳಿತು, ಹೊತ್ತು ಹೇಳಿತು,
ಊಟ ಎಲ್ಲಿ ಅಂತಲೂ ಹೇಳಿತು.
ಮುಂದಿನ ಸೋಮವಾರ ಪೊರಕೆ ಕೆಳಗಿಟ್ಟು
ಮೇಲೆ ಹತ್ತಿದೆ.
ಬೆರಳ ಗೆಣ್ಣಿನಿಂದ ತಟ್ಟಿದೆ: ಎರಡು. ಎರಡು.
ಕಂಚು ತಣ್ಣಗಿತ್ತು. ಸದ್ದು ಅನ್ನುವಷ್ಟು ಸದ್ದೇನಲ್ಲ,
ಒಳಗೆ ಮಲಗಿದ್ದ ಬಾವಲಿ ಒಂದು ಕಾಲು ಬದಲಿಸಿತು.
ಎಪ್ಪತ್ತೊಂಬತ್ತು ವರ್ಷದ ಹೆಂಗಸಿಗೆ
ಎಷ್ಟು ಸಲ ಅನ್ನುವುದನ್ನು ಅಜ್ಜ ಹೇಳಿಕೊಟ್ಟಿರಲಿಲ್ಲ.
ಗೆಣ್ಣು ಕೆಂಪಾದಾಗ ನಿಲ್ಲಿಸಿದೆ.

ಹೋಗಿ ಬನ್ನಿ, ಮೇಲೆ ಗಾಳಿ ಚೆನ್ನಾಗಿದೆ, ಕಡಲು ಕಾಣುತ್ತದೆ.
ಇಳಿಯುವಾಗ ಮಾತ್ರ ಜೋಪಾನ:
ಆ ಮುರಿದ ಮೆಟ್ಟಿಲು, ಮೇಲಿನಿಂದ ಎಣಿಸಿದರೆ,
ಎಂಬತ್ತಮೂರನೆಯದು.